ಗರೋನಾಳ ತಾಯಿ ಯಾರು?

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಬ್ಬರು ಕೇಳಿದರು, "ಪೂರ್ತಿ ಒಂದು ಗಂಟೆ ಒಂದೇ ಪಾತ್ರದ ಬಗ್ಗೆ ಮಾತಾಡ್ತೀರಾ?" ಅಂತ. ಹೌದು. ಅದರಲ್ಲೂ ಆ ಪಾತ್ರದ ಮನೆತನದ ಬಗ್ಗೆ ಮಾತ್ರ. ಅವಳನ್ನು ಹೆತ್ತವರು ಯಾರು, ಅವಳಿಗೆ ಒಬ್ಬ ಮಗ ಇದ್ದನೋ ಇಲ್ಲವೋ, ಇಷ್ಟೇ. ಈ ಎರಡು ಪ್ರಶ್ನೆಗಳಿಗೆ ಮೂವತ್ತು ವರ್ಷಗಳಲ್ಲಿ ಎಷ್ಟೊಂದು ಉತ್ತರ ಬಂದಿವೆ ಎಂದರೆ, ನನಗೆ ಒಂದು ಗಂಟೆ ಸಾಲದೇ ಹೋಗಬಹುದು.

ಪಾತ್ರದ ಹೆಸರು ಗರೋನಾ ಹಾಫಾರ್ಕನ್. ಆಟ ವಾರ್‌ಕ್ರಾಫ್ಟ್.

ನಾನು ಈ ಆಟವನ್ನು ಮೊದಲು ನೋಡಿದ್ದು ಸೈಬರ್ ಕೆಫೆಯಲ್ಲಿ. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂರುತ್ತಿದ್ದೆವು. ಗೆಳೆಯರೆಲ್ಲ ವಾರ್‌ಕ್ರಾಫ್ಟ್ ಮೂರರ ಮೇಲೆ ಡೋಟಾ ಆಡುತ್ತಿದ್ದರು. ನಾನು ಮೂಲೆಯ ಕಂಪ್ಯೂಟರಿನಲ್ಲಿ ಕಥೆಯ ಭಾಗವನ್ನೇ ಮತ್ತೆ ಮತ್ತೆ ಆಡುತ್ತಿದ್ದೆ. ನನಗೆ ಗೆಲ್ಲುವುದಕ್ಕಿಂತ ಇವರೆಲ್ಲ ಯಾರು, ಎಲ್ಲಿಂದ ಬಂದರು ಅನ್ನುವುದು ತಿಳಿಯಬೇಕಿತ್ತು. ಹಳೆಯ ಆಟಗಳನ್ನು ಹುಡುಕಿದೆ, ಕೈಗೆ ಸಿಕ್ಕ ಕಾದಂಬರಿ ಓದಿದೆ. ಹಾಗೆ ಹುಡುಕುವಾಗಲೇ ಗರೋನಾ ಸಿಕ್ಕಿದ್ದು. ಅವಳ ಲೆಕ್ಕ ಕೂಡುತ್ತಿಲ್ಲ ಅಂತ ಗೊತ್ತಾಗಿದ್ದೂ ಆಗಲೇ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಎರಡು ಲೋಕಗಳಿವೆ. ಒಂದು ಆಝೆರಾತ್, ಅಲ್ಲಿ ಮನುಷ್ಯರಿದ್ದಾರೆ. ಇನ್ನೊಂದು ಡ್ರೇನಾರ್, ಅಲ್ಲಿ ಓರ್ಕ್ ಎಂಬ ಯೋಧ ಜನಾಂಗ ಇದೆ. ಮೆಡಿವ್ ಎಂಬ ಮಾಂತ್ರಿಕ ಈ ಕಡೆಯಿಂದ, ಗುಲ್‌ಡಾನ್ ಎಂಬ ಮಾಂತ್ರಿಕ ಆ ಕಡೆಯಿಂದ ಸೇರಿ ಎರಡು ಲೋಕಗಳ ನಡುವೆ ಒಂದು ಬಾಗಿಲು ತೆರೆಯುತ್ತಾರೆ. ಅದೇ ಡಾರ್ಕ್ ಪೋರ್ಟಲ್. ಓರ್ಕ್‌ಗಳು ಆ ಬಾಗಿಲಿನಿಂದ ನುಗ್ಗಿ ಬರುತ್ತಾರೆ. ಸ್ಟಾರ್ಮ್‌ವಿಂಡ್ ಎಂಬ ಮನುಷ್ಯರ ರಾಜ್ಯ ಉರಿದು ಹೋಗುತ್ತದೆ. ಇದು ಮೊದಲ ಯುದ್ಧ. 1994ರಲ್ಲಿ ಬ್ಲಿಝಾರ್ಡ್ ಕಂಪನಿ ತಂದ ಮೊದಲ ವಾರ್‌ಕ್ರಾಫ್ಟ್ ಆಟದ ಕಥೆ ಇಷ್ಟೇ.

ಆ ಕಾಲದಲ್ಲಿ ಆಟದ ಜೊತೆ ಒಂದು ಕೈಪಿಡಿ ಬರುತ್ತಿತ್ತು. ಯಾವ ಕೀ ಒತ್ತಿದರೆ ಏನಾಗುತ್ತದೆ ಅನ್ನುವುದರ ಜೊತೆಗೆ ಕಥೆಯೂ ಅದರಲ್ಲೇ ಇರುತ್ತಿತ್ತು. ಮೊದಲ ವಾರ್‌ಕ್ರಾಫ್ಟ್‌ನ ಕೈಪಿಡಿಯಲ್ಲಿ ಓರ್ಕ್‌ಗಳ ಚರಿತ್ರೆಯನ್ನು ಹೇಳುವವಳು ಗರೋನಾ. ಇದನ್ನು ನೆನಪಿಟ್ಟುಕೊಳ್ಳಿ. ಒಂದು ಜನಾಂಗದ ಇಡೀ ಕಥೆ ನಮಗೆ ಸಿಕ್ಕಿದ್ದು ಅವಳ ಬಾಯಿಂದ. ಆದರೆ ಅವಳದೇ ಕಥೆ ಮಾತ್ರ ಯಾರಿಗೂ ಸರಿಯಾಗಿ ಸಿಗಲಿಲ್ಲ.

ಅವಳು ಬೇಹುಗಾರ್ತಿ. ತಂದೆ ತಾಯಿಯಲ್ಲಿ ಒಬ್ಬರು ಓರ್ಕ್, ಇನ್ನೊಬ್ಬರು ಮನುಷ್ಯ ಅನ್ನುವುದು ಆಗಿನ ತಿಳಿವಳಿಕೆ. ಮೊದಲ ಯುದ್ಧದ ಕೊನೆಗೆ ಸ್ಟಾರ್ಮ್‌ವಿಂಡ್‌ನ ರಾಜ ಲೇನ್‌ನನ್ನು ಕೊಲ್ಲುವವಳೂ ಅವಳೇ. 1995ರ ಎರಡನೇ ಆಟದ ಹೊತ್ತಿಗೆ ಇದು ಗಟ್ಟಿಯಾಗಿ ಕೂತಿತು. ಮುಂದೆ ಲೇನ್‌ನ ಮಗ ವೇರಿಯನ್ ರಾಜನಾಗುತ್ತಾನೆ. ಅವನ ಬದುಕಿನ ತುಂಬ ಆ ಒಂದು ಕೊಲೆಯ ನೆರಳಿದೆ. ಅಂದರೆ ಗರೋನಾ ಸುಮ್ನೆ ಬಂದು ಹೋಗುವ ಪಾತ್ರ ಅಲ್ಲ. ಅವಳನ್ನು ಎಳೆದರೆ ಇಡೀ ಕಥೆ ಅಲ್ಲಾಡುತ್ತದೆ.

ಈಗ ತೊಡಕಿಗೆ ಬರೋಣ.

ಬಾಗಿಲು ತೆರೆಯುವ ಮೊದಲು ಓರ್ಕ್‌ಗಳು ಮನುಷ್ಯರನ್ನು ಕಂಡೇ ಇರಲಿಲ್ಲ. ಎರಡೂ ಬೇರೆ ಬೇರೆ ಲೋಕ. ಬಾಗಿಲು ತೆರೆದ ಮೇಲೆ ಮೊದಲ ಯುದ್ಧ ಮುಗಿಯಲು ಹಿಡಿದದ್ದು ಕೆಲವೇ ವರ್ಷ. ಆ ಯುದ್ಧದ ಹೊತ್ತಿಗೆ ಗರೋನಾ ಬೆಳೆದ ಹೆಂಗಸು. ಎರಡು ಮೂರು ಭಾಷೆ ಮಾತಾಡುತ್ತಾಳೆ, ಕತ್ತಿ ಹಿಡಿಯುತ್ತಾಳೆ, ರಾಜನ ಎದುರು ಕೂತು ಮಾತಾಡುತ್ತಾಳೆ. ಹಾಗಾದರೆ ಅವಳು ಹುಟ್ಟಿದ್ದು ಯಾವಾಗ? ಬಾಗಿಲಿಗಿಂತ ಮುಂಚೆ ಹುಟ್ಟಿದ್ದರೆ ಮನುಷ್ಯರು ಅಲ್ಲಿರಲಿಲ್ಲ. ಆಮೇಲೆ ಹುಟ್ಟಿದ್ದರೆ ಅವಳಿನ್ನೂ ತೊಟ್ಟಿಲಿನಲ್ಲಿರಬೇಕಿತ್ತು.

ಮೊದಲ ಆಟ ಬರೆದವರಿಗೆ ಇದು ತೊಂದರೆ ಅಂತ ಅನ್ನಿಸಿರಲಾರದು. ಆಗ ಕಾಲದ ಲೆಕ್ಕವೇ ಇಷ್ಟು ಬಿಗಿಯಾಗಿರಲಿಲ್ಲ. ಒಂದು ಆಟಕ್ಕೆ ಬೇಕಾದಷ್ಟು ಕಥೆ ಬರೆದಿದ್ದರು. ಮೂವತ್ತು ವರ್ಷ ಜನ ಇದನ್ನು ಹಿಡಿದುಕೊಂಡು ಕೂರುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಎರಡನೇ ಆಟ ಬಂತು, ಮೂರನೆಯದು ಬಂತು, 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. ಪ್ರತಿ ಸಲವೂ ಯಾವ ಘಟನೆ ಯಾವ ವರ್ಷ ಅನ್ನುವುದು ಇನ್ನಷ್ಟು ಗಟ್ಟಿಯಾಯಿತು. ಲೆಕ್ಕ ಗಟ್ಟಿಯಾದಷ್ಟೂ ಗರೋನಾ ಅದರೊಳಗೆ ಹಿಡಿಯದೆ ಹೋದಳು.

ಈ ನಡುವೆ ಜೆಫ್ ಗ್ರಬ್ ಬರೆದ 'ದಿ ಲಾಸ್ಟ್ ಗಾರ್ಡಿಯನ್' ಕಾದಂಬರಿ ಬಂತು. ನನ್ನ ಮಟ್ಟಿಗೆ ಗರೋನಾ ನಿಜವಾಗಿ ಹುಟ್ಟಿದ್ದು ಇದರಲ್ಲಿ. ಮೆಡಿವ್‌ನ ಗೋಪುರಕ್ಕೆ ಅವಳು ದೂತಳಾಗಿ ಬರುತ್ತಾಳೆ. ಅಲ್ಲಿ ಮೆಡಿವ್‌ನ ಶಿಷ್ಯ, ಹದಿಹರೆಯದ ಹುಡುಗ ಕಾಡ್ಗಾರ್ ಇದ್ದಾನೆ. ಮೊದಲು ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಭಯ. ಆಮೇಲೆ ನಿಧಾನಕ್ಕೆ ಗೆಳೆತನ ಬೆಳೆಯುತ್ತದೆ. ಕೊನೆಗೆ ಮೆಡಿವ್‌ನೊಳಗೆ ಕೂತಿರುವ ಕೆಡುಕು ಗೊತ್ತಾದಾಗ, ಅವನನ್ನು ಕೊಲ್ಲುವುದಕ್ಕೆ ಕಾಡ್ಗಾರ್ ಮತ್ತು ಸ್ಟಾರ್ಮ್‌ವಿಂಡ್‌ನ ಸೇನಾನಿ ಲೋಥಾರ್ ಜೊತೆ ನಿಲ್ಲುವವಳೂ ಇವಳೇ. ಆ ಪುಸ್ತಕದಲ್ಲಿ ಅವಳು ಅರ್ಧ ಮನುಷ್ಯಳು. ಹಾಗಾಗಿಯೇ ಅವಳು ಮನುಷ್ಯರ ಕಡೆ ನೋಡುವ ನೋಟದಲ್ಲಿ ಏನೋ ಒಂದು ಹಂಬಲ ನನಗೆ ಕಂಡಿತ್ತು. ಓರ್ಕ್‌ಗಳು ಅವಳನ್ನು ತಮ್ಮವಳು ಅಂದುಕೊಳ್ಳುವುದಿಲ್ಲ. ಇವರಾದರೂ ಅಂದುಕೊಳ್ಳಬಹುದೇನೋ ಅನ್ನುವ ಹಂಬಲ ಅದು. ಅಂಥವಳು ಮುಂದೆ ಲೇನ್‌ನನ್ನು ಕೊಲ್ಲುತ್ತಾಳೆ ಅಂತ ಗೊತ್ತಿದ್ದುಕೊಂಡು ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಲೆಕ್ಕದ ತಪ್ಪು ಮಾತ್ರ ಹಾಗೇ ಉಳಿದಿತ್ತು.

ತಿದ್ದುಪಡಿ ಬಂದದ್ದು ಕಾಮಿಕ್ಸ್‌ನಲ್ಲಿ. 2007ರಲ್ಲಿ ವಾಲ್ಟರ್ ಸೈಮನ್‌ಸನ್ ಬರೆಯಲು ಶುರು ಮಾಡಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕಾಮಿಕ್ಸ್ ಸರಣಿಯಲ್ಲಿ ಗರೋನಾ ಮತ್ತೆ ಬರುತ್ತಾಳೆ. ಅವಳ ಇನ್ನೊಂದು ಅರ್ಧ ಮನುಷ್ಯರದಲ್ಲ, ಡ್ರೇನೈ ಜನಾಂಗದ್ದು ಅಂತ ಅಲ್ಲಿ ಗೊತ್ತಾಗುತ್ತದೆ. ತಾಯಿ ಡ್ರೇನೈ. ಓರ್ಕ್‌ಗಳು ಡ್ರೇನೈಗಳ ಮೇಲೆ ಯುದ್ಧ ಸಾರಿದಾಗ ಸೆರೆ ಸಿಕ್ಕವಳು. ಅವಳ ಸೋದರ ಮರಾಡ್ ಎಂಬ ಯೋಧ. ಅಂದರೆ ಗರೋನಾಗೆ ಒಬ್ಬ ಸೋದರಮಾವ ಸಿಕ್ಕಿದ.

ಡ್ರೇನೈಗಳು ಡ್ರೇನಾರ್‌ನಲ್ಲೇ ಓರ್ಕ್‌ಗಳ ಪಕ್ಕದಲ್ಲಿ ಬದುಕಿದ್ದವರು. ಬಾಗಿಲಿನ ತೊಡಕೇ ಇಲ್ಲ. ಒಂದೇ ಏಟಿಗೆ ಗಂಟು ಬಿಚ್ಚಿತು ಅನ್ನಿಸುತ್ತದೆ, ಅಲ್ವಾ?

ಇಲ್ಲಿ ಒಂದು ಸಣ್ಣ ವಿಷಯ ನನಗೆ ತುಂಬ ಇಷ್ಟ. ಅವಳ ಹೆಸರನ್ನು ನೋಡಿ. ಹಾಫಾರ್ಕನ್. ಅರ್ಧ ಓರ್ಕ್ ಅನ್ನುವುದು ಹೆಸರಿನಲ್ಲೇ ಇದೆ. ಇನ್ನರ್ಧ ಏನು ಅಂತ ಹೆಸರು ಹೇಳುವುದಿಲ್ಲ. ಆ ಜಾಗ ಖಾಲಿ. ಮೊದಲು ಅಲ್ಲಿ ಮನುಷ್ಯ ಅಂತ ಬರೆದರು, ಆಮೇಲೆ ಅಳಿಸಿ ಡ್ರೇನೈ ಅಂತ ಬರೆದರು. ಹೆಸರು ಮಾತ್ರ ಬದಲಾಗಲಿಲ್ಲ. ಅವಳನ್ನು ಕರೆದವರೆಲ್ಲ ಒಂದೇ ಅರ್ಧವನ್ನು ಕರೆದರು. ಇನ್ನೊಂದು ಅರ್ಧಕ್ಕೆ ಹೆಸರಿಡುವ ಗೋಜಿಗೇ ಯಾರೂ ಹೋಗಲಿಲ್ಲ.

ಆದರೆ ಈ ಡ್ರೇನೈಗಳ ಚರಿತ್ರೆಯೇ ಇನ್ನೊಂದು ದೊಡ್ಡ ತೇಪೆ. ಅದನ್ನೂ ಹೇಳಿಬಿಡುತ್ತೇನೆ.

2003ರಲ್ಲಿ ವಾರ್‌ಕ್ರಾಫ್ಟ್ ಮೂರರ ಮುಂದುವರಿಕೆ ಬಂದಾಗ ಡ್ರೇನೈಗಳು ಬೆನ್ನು ಬಾಗಿದ, ಸೊರಗಿದ ಜನ. 2007ರ ಜನವರಿಯಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮುಂದುವರಿಕೆ ಬರ್ನಿಂಗ್ ಕ್ರುಸೇಡ್ ಬಂದಾಗ ಅವರು ಎತ್ತರದ ನಿಲುವು, ನೀಲಿ ಮೈ, ಗೊರಸು, ಬಾಲ ಇರುವ ತೇಜಸ್ವಿ ಜನ. ಹಳೆಯ ಸೊರಗಿದವರು ಕೆಟ್ಟ ಮಂತ್ರದಿಂದ ಹಾಗಾದವರು, ಮೂಲ ಡ್ರೇನೈಗಳು ಇವರು ಅಂತ ಹೇಳಿದರು. ಅಷ್ಟೇ ಅಲ್ಲ, ಇವರು ಎರೆಡಾರ್ ಎಂಬ ಜನಾಂಗದಿಂದ ತಪ್ಪಿಸಿಕೊಂಡು ಬಂದ ಒಳ್ಳೆಯವರು ಅಂದರು. ತೊಂದರೆ ಏನೆಂದರೆ 2002ರ ವಾರ್‌ಕ್ರಾಫ್ಟ್ ಮೂರರ ಕೈಪಿಡಿಯಲ್ಲಿ ಎರೆಡಾರ್‌ಗಳು ಹುಟ್ಟಾ ದುಷ್ಟರು. ಸಾರ್ಗೆರಾಸ್ ಎಂಬ ದೈವದಂಥ ಟೈಟನ್‌ನ ಮನಸ್ಸು ಕೆಡಲು ಅವರೇ ಒಂದು ಕಾರಣ ಅಂತ ಬರೆದಿತ್ತು. ಹೊಸ ಕಥೆಯಲ್ಲಿ ಅದು ಪೂರ್ತಿ ಉಲ್ಟಾ. ಮೊದಲೇ ಕೆಟ್ಟಿದ್ದ ಸಾರ್ಗೆರಾಸ್ ಬಂದು ಎರೆಡಾರ್‌ಗಳನ್ನು ಕೆಡಿಸಿದ.

ಆಟಗಾರರು ಸುಮ್ಮನಿರಲಿಲ್ಲ. ಗದ್ದಲ ಎದ್ದಿತು. ಆಗ, ಬರ್ನಿಂಗ್ ಕ್ರುಸೇಡ್ ಬಿಡುಗಡೆಗೂ ಮೊದಲೇ, 2006ರಲ್ಲಿ ಆಟದ ಮುಖ್ಯ ಕಥೆಗಾರ ಕ್ರಿಸ್ ಮೆಟ್ಝೆನ್ ಆಟಗಾರರ ಮುಂದೆಯೇ ಒಪ್ಪಿಕೊಂಡರು. ಆ ಕೈಪಿಡಿಯ ಭಾಗ ತಾನೇ ಬರೆದದ್ದು, ಹೊಸ ಕಥೆ ಕಟ್ಟುವಾಗ ಅದು ಮರೆತೇ ಹೋಗಿತ್ತು ಅಂದರು. ನನಗೆ ಆ ಮಾತಿನ ಮೇಲೆ ಇವತ್ತಿಗೂ ಗೌರವ ಇದೆ. ನೆಪ ಹೇಳಬಹುದಿತ್ತು. ಕೈಪಿಡಿಯನ್ನೇ ಸುಳ್ಳು ಮಾಡಬಹುದಿತ್ತು. ಮರೆತೆ ಅಂದರು, ಅಷ್ಟೇ. ಇಂಥ ತಿದ್ದುಪಡಿಗೆ ಆಟಗಾರರು ರೆಟ್‌ಕಾನ್ ಅನ್ನುತ್ತಾರೆ. ನಿನ್ನೆ ಹೇಳಿದ್ದನ್ನು ಇವತ್ತು ಬದಲಿಸಿ, ಮೊದಲಿನಿಂದಲೂ ಹೀಗೇ ಇತ್ತು ಅನ್ನುವುದು.

ಅಲ್ಲಿಗೆ ಗರೋನಾಳ ತಾಯಿ ಬರುವುದು ಹೀಗೆ ಎರಡು ಸಲ ತಿದ್ದಿದ ಜನಾಂಗದಿಂದ. ತೇಪೆಯ ಮೇಲೆ ತೇಪೆ.

ಇನ್ನೂ ಒಂದು ಗಂಟು ಉಳಿಯಿತು. ಡ್ರೇನೈ ತಾಯಿ ಅಂದರೆ 'ಎಲ್ಲಿ' ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು. 'ಯಾವಾಗ' ಅನ್ನುವುದಕ್ಕೆ ಸಿಗಲಿಲ್ಲ. ಓರ್ಕ್‌ಗಳು ಡ್ರೇನೈಗಳ ಮೇಲೆ ಯುದ್ಧ ಮಾಡಿದ್ದೂ ಬಾಗಿಲು ತೆರೆಯುವ ಕೆಲವೇ ವರ್ಷ ಮುಂಚೆ. ಆಗ ಹುಟ್ಟಿದ ಮಗು ಮೊದಲ ಯುದ್ಧದ ಹೊತ್ತಿಗೆ ಇನ್ನೂ ಚಿಕ್ಕದೇ. ಅದಕ್ಕೆ ಇನ್ನೊಂದು ಎಳೆ ಸೇರಿಸಿದರು. ಗುಲ್‌ಡಾನ್ ಮಂತ್ರದಿಂದ ಅವಳ ವಯಸ್ಸು ಬೇಗ ಬೆಳೆಸಿದ. ಇದು ಪೂರ್ತಿ ಹೊಸದಲ್ಲ. ಬ್ಲ್ಯಾಕ್‌ಹ್ಯಾಂಡ್ ಎಂಬ ಓರ್ಕ್ ನಾಯಕನ ಮಕ್ಕಳಿಗೂ ಹಾಗೆ ಮಾಡಿದ್ದ ಕಥೆ ಇದೆ. ಯುದ್ಧಕ್ಕೆ ಆಳು ಬೇಕಿತ್ತು, ಮಕ್ಕಳನ್ನೇ ಆಳು ಮಾಡಿದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಲೆಕ್ಕ ಕೂಡಿಸಲು ಮಂತ್ರ ತಂದರಲ್ಲ ಅಂತ. ಎರಡು ದಿನ ಬಿಟ್ಟು ಮತ್ತೆ ಯೋಚಿಸಿದೆ. ಆ ಹುಡುಗಿಗೆ ಬಾಲ್ಯವೇ ಇರಲಿಲ್ಲ. ತಾಯಿಯ ಮುಖ ನೆನಪಿಲ್ಲ, ಆಟ ಆಡಿದ ನೆನಪಿಲ್ಲ, ಭಾಷೆ ಕಲಿತ ನೆನಪಿಲ್ಲ. ಒಂದು ದಿನ ಎದ್ದಾಗ ಕೈಯಲ್ಲಿ ಕತ್ತಿ ಇತ್ತು. ಅಂಥವಳು ತನ್ನ ಇನ್ನರ್ಧ ಮನುಷ್ಯರದು ಅಂತ ನಂಬಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ? ಅವಳಿಗೆ ಯಾರು ಹೇಳಬೇಕಿತ್ತು? ಆ ಹಳೆಯ ಕಾದಂಬರಿಯನ್ನು ಹೀಗೆ ಓದಿಕೊಂಡರೆ ಅದೂ ಸುಳ್ಳಾಗುವುದಿಲ್ಲ. ಅವಳು ಹೇಳಿದ್ದು ತಪ್ಪಿರಬಹುದು, ನಂಬಿದ್ದು ನಿಜ. ಮನುಷ್ಯರ ಕಡೆಗಿನ ಆ ಹಂಬಲ ಇನ್ನಷ್ಟು ನೋಯಿಸುತ್ತದೆ. ಯಾಕೆಂದರೆ ಅವರು ಅವಳಿಗೆ ಏನೂ ಆಗಬೇಕಿರಲಿಲ್ಲ. ಆದರೂ ಅವಳನ್ನು ಗೆಳತಿಯ ಹಾಗೆ ಕಂಡವರು ಅವರೇ.

ತಿದ್ದುಪಡಿ ಬಗ್ಗೆ ನನ್ನ ನಿಲುವು ಇಲ್ಲಿದೆ. ತಪ್ಪು ಎಲ್ಲರಿಗೂ ಆಗುತ್ತದೆ. ಮೂವತ್ತು ವರ್ಷ ಹತ್ತಾರು ಜನ ಬರೆದ ಕಥೆಯಲ್ಲಿ ಆಗದೇ ಇದ್ದರೇ ವಿಚಿತ್ರ. ನಾನು ನೋಡುವುದು ತಿದ್ದಿದ ಮೇಲೆ ಆ ಪಾತ್ರಕ್ಕೆ ಏನು ಸಿಕ್ಕಿತು ಅನ್ನುವುದನ್ನು. ಡ್ರೇನೈ ತಾಯಿಯ ತಿದ್ದುಪಡಿ ಗರೋನಾಗೆ ಒಂದು ದುಃಖವನ್ನೂ ಒಬ್ಬ ಸೋದರಮಾವನನ್ನೂ ಕೊಟ್ಟಿತು. ಅವಳನ್ನು ದೊಡ್ಡವಳು ಮಾಡಿತು.

ಲೇನ್‌ನ ಕೊಲೆಯ ವಿಷಯದಲ್ಲಿ ನನಗೆ ಅಷ್ಟು ಸಮಾಧಾನ ಇಲ್ಲ. ಆಮೇಲಿನ ಕಥೆಗಳಲ್ಲಿ ಅವಳ ಮನಸ್ಸನ್ನು ಗುಲ್‌ಡಾನ್‌ನ ಗುಪ್ತ ಕೂಟ ಶ್ಯಾಡೋ ಕೌನ್ಸಿಲ್ ಮಂತ್ರದಿಂದ ಹಿಡಿದಿಟ್ಟಿತ್ತು, ಕೈ ಅವಳದು, ಇಚ್ಛೆ ಬೇರೆಯವರದು ಅಂತ ಬಂತು. ಕಥೆಗಾರರಿಗೆ ಅವಳ ಮೇಲೆ ಕನಿಕರ ಇತ್ತು ಅಂತ ಕಾಣುತ್ತದೆ. ಆದರೆ ತಾನೇ ಆರಿಸಿಕೊಂಡು ಮಾಡಿದ ಕೆಲಸಕ್ಕೆ ಜೀವನಪೂರ್ತಿ ಕೊರಗುವ ಗರೋನಾ ನನಗೆ ಹೆಚ್ಚು ಹತ್ತಿರದವಳು. ಇದು ನನ್ನ ಅಭಿಪ್ರಾಯ. 2016ರ ಸಿನಿಮಾದಲ್ಲಿ ಈ ಕೊಲೆಗೆ ಇನ್ನೊಂದೇ ಕಾರಣ ಕೊಟ್ಟರು. ಅಲ್ಲಿ ಅವಳ ಕೈಯಲ್ಲಿ ಸಾಯುವುದನ್ನು ರಾಜನೇ ಕೇಳಿಕೊಳ್ಳುತ್ತಾನೆ. ಆ ಸಿನಿಮಾದಲ್ಲಿ ಡ್ರೇನೈ ನಂಟೂ ಇಲ್ಲ. ಸಿನಿಮಾದ ಲೆಕ್ಕವೇ ಬೇರೆ ಅಂತ ಇಟ್ಟುಕೊಂಡರೆ ಜಗಳ ಇಲ್ಲ.

ಈಗ ಮಗನ ವಿಷಯ.

ಅದೇ ಕಾಮಿಕ್ಸ್‌ನಲ್ಲಿ ಮೆಡಾನ್ ಎಂಬ ಹುಡುಗ ಬರುತ್ತಾನೆ. ಗರೋನಾ ಮತ್ತು ಮೆಡಿವ್‌ಗೆ ಹುಟ್ಟಿದ ಮಗ. ಅವನನ್ನು ಸಾಕಿದವನು ಮೆರಿಲ್ ಎಂಬ ಮಾಂತ್ರಿಕ. ಮೆರಿಲ್ ಸತ್ತು ಎಷ್ಟೋ ಕಾಲವಾಗಿದ್ದರೂ ತನ್ನ ಮನಸ್ಸಿನ ಬಲದಿಂದ ನಡೆದಾಡುವವನು. ಮೆಡಾನ್‌ನಲ್ಲಿ ಮನುಷ್ಯ, ಓರ್ಕ್, ಡ್ರೇನೈ ಮೂರೂ ರಕ್ತ. ಕೊನೆಗೆ ಅವನು ತಂದೆಯ ಹಾಗೆ ಗಾರ್ಡಿಯನ್ ಆಗುತ್ತಾನೆ, ಅಂದರೆ ಆ ಲೋಕದ ಕಾವಲುಗಾರ. ಚೋಗಾಲ್ ಎಂಬ ಎರಡು ತಲೆಯ ಓಗರ್‌ನನ್ನು ಸೋಲಿಸುತ್ತಾನೆ. ಅಲ್ಲಿಗೆ ಕಾಮಿಕ್ಸ್ ಮುಗಿಯಿತು.

ಆಟಗಾರರಲ್ಲಿ ಜಾಸ್ತಿ ಜನಕ್ಕೆ ಮೆಡಾನ್ ಹಿಡಿಸಲಿಲ್ಲ. ಎಲ್ಲ ಜನಾಂಗದ ರಕ್ತ, ಎಲ್ಲ ಬಗೆಯ ವಿದ್ಯೆ ಒಬ್ಬನಲ್ಲೇ ತುಂಬಿದ್ದಾರೆ ಅಂತ ಬೇಸರ. ಅದರಲ್ಲಿ ನಿಜ ಇದೆ. ಪಾತ್ರ ಬೆಳೆಯಲು ಜಾಗವೇ ಇರಲಿಲ್ಲ. ಆದರೆ ಆಮೇಲೆ ಏನಾಯಿತು ನೋಡಿ. 2010ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಇನ್ನೊಂದು ಮುಂದುವರಿಕೆ ಕ್ಯಾಟಕ್ಲಿಸಮ್ ಬಂತು. ಚೋಗಾಲ್ ಆಟಕ್ಕೆ ಬಂದ. ಅವನನ್ನು ಸೋಲಿಸಿದ್ದ ಹುಡುಗ ಬರಲಿಲ್ಲ. ಲೋಕವೇ ಬಿರಿಯುವ ಹೊತ್ತಿನಲ್ಲಿ ಲೋಕದ ಕಾವಲುಗಾರ ಎಲ್ಲಿ? ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ವರ್ಷಗಳು ಹೋದವು. 2016ರಿಂದ 2018ರವರೆಗೆ 'ಕ್ರಾನಿಕಲ್' ಅನ್ನುವ ಮೂರು ಸಂಪುಟಗಳು ಬಂದವು. ವಾರ್‌ಕ್ರಾಫ್ಟ್‌ನ ಇಡೀ ಚರಿತ್ರೆಯನ್ನು ಒಂದೇ ನೂಲಿನಲ್ಲಿ ಪೋಣಿಸುವ ಕೆಲಸ. ಗರೋನಾ ಅದರಲ್ಲಿದ್ದಾಳೆ, ಡ್ರೇನೈ ತಾಯಿಯ ಮಗಳಾಗಿಯೇ. ಮೆಡಾನ್ ಇಲ್ಲ. ಅವನು ಮಾಡಿದ ಕೆಲಸಗಳು ಅವನಿಲ್ಲದೆಯೇ ನಡೆದವು.

ಅವನನ್ನು ಕೊಂದಿದ್ದರೆ ಬೇರೆ ಮಾತಾಗಿತ್ತು. ಸಾವು ಅಂದರೆ ಒಂದು ಘಟನೆ. ತಾಯಿ ಅಳುತ್ತಾಳೆ, ಸಾಕಿದವನು ಸಮಾಧಿಯ ಮುಂದೆ ನಿಲ್ಲುತ್ತಾನೆ. ದೂರ ಕಳಿಸಿದ್ದರೂ ಆಗುತ್ತಿತ್ತು. ಇಲ್ಲಿ ಅದೇನೂ ಆಗಲಿಲ್ಲ. ಒಂದು ತಿದ್ದುಪಡಿಯಲ್ಲಿ ಅವಳಿಗೆ ತಾಯಿ ಸಿಕ್ಕಳು, ಇನ್ನೊಂದರಲ್ಲಿ ಮಗ ಹೋದ. ಎರಡೂ ಸಲ ಗರೋನಾಗೆ ಒಂದು ಮಾತು ಹೇಳುವ ಸೌಜನ್ಯ ಕಥೆಗೆ ಇರಲಿಲ್ಲ ಅನ್ನಿಸುತ್ತದೆ ನನಗೆ.

ಸೋದರಮಾವನ ಕಥೆಯೂ ಪೂರ್ತಿಯಾಗಲಿಲ್ಲ. 2014ರ ವಾರ್‌ಲಾರ್ಡ್ಸ್ ಆಫ್ ಡ್ರೇನಾರ್‌ನಲ್ಲಿ ನಾವು ಇನ್ನೊಂದು ಕವಲಿನ ಡ್ರೇನಾರ್‌ಗೆ ಹೋಗುತ್ತೇವೆ. ಅಲ್ಲೂ ಒಬ್ಬಳು ಗರೋನಾ ಇದ್ದಾಳೆ, ಇನ್ನೂ ಗುಲ್‌ಡಾನ್‌ನ ಹಿಡಿತದಲ್ಲಿ. ಅವಳು ಕಾಡ್ಗಾರ್‌ನ ಮೇಲೆಯೇ ಕತ್ತಿ ಬೀಸುತ್ತಾಳೆ. ಈಗ ಕಾಡ್ಗಾರ್ ನರೆಗೂದಲಿನ ದೊಡ್ಡ ಮಾಂತ್ರಿಕ. ಅವಳನ್ನು ಕೊಲ್ಲಬಹುದಿತ್ತು. ಕೊಲ್ಲದೆ, ನಮ್ಮ ಕೈಯಿಂದಲೇ ಅವಳನ್ನು ಆ ಹಿಡಿತದಿಂದ ಬಿಡಿಸುತ್ತಾನೆ. ಯಾಕೆ ಅಂತ ಆ ಹಳೆಯ ಕಾದಂಬರಿ ಓದಿದವರಿಗೆ ಹೇಳಬೇಕಿಲ್ಲ. ಅದೇ ಆಟದಲ್ಲಿ ಮರಾಡ್ ಕೂಡ ಇದ್ದಾನೆ. ಶಟ್ರಾತ್ ನಗರದ ಕಾಳಗದಲ್ಲಿ ಯ್ರೆಲ್ ಎಂಬ ಹುಡುಗಿಯನ್ನು ಉಳಿಸಲು ಹೋಗಿ ಸಾಯುತ್ತಾನೆ. ಸೋದರಮಾವ, ಸೊಸೆ ಇಬ್ಬರೂ ಒಂದೇ ಲೋಕದಲ್ಲಿದ್ದರು. ಅವರಿಬ್ಬರೂ ಎದುರು ಬದುರು ನಿಂತು ಮಾತಾಡುವ ಒಂದು ದೃಶ್ಯಕ್ಕಾಗಿ ನಾನು ಕಾದೆ. ನಾನು ಆಡಿದ ಆಟದಲ್ಲಿ ಅದು ಬರಲಿಲ್ಲ.

ಇದಕ್ಕೆ ಬೇರೆ ದಾರಿಯೇ ಇಲ್ಲವೇ ಅಂದರೆ, ಇದೆ. ಎಲ್ಡರ್ ಸ್ಕ್ರೋಲ್ಸ್ ಆಟಗಳನ್ನು ನೋಡಿ. ಅಲ್ಲಿ ಟೈಬರ್ ಸೆಪ್ಟಿಮ್ ಎಂಬ ಚಕ್ರವರ್ತಿ, ಸತ್ತ ಮೇಲೆ ದೇವರಾದವನು. ಜನ ಟಾಲೋಸ್ ಅಂತ ಪೂಜಿಸುತ್ತಾರೆ. ಅವನು ಹುಟ್ಟಿದ್ದು ಎಲ್ಲಿ? 1998ರ ರೆಡ್‌ಗಾರ್ಡ್ ಆಟದ ಜೊತೆ ಬಂದ ಪುಸ್ತಿಕೆ ಉತ್ತರದ ಹಿಮದ ನಾಡು ಅಟ್ಮೋರಾ ಅನ್ನುತ್ತದೆ. 2002ರ ಮಾರೋವಿಂಡ್‌ನೊಳಗೆ ಓದಲು ಸಿಗುವ ಇನ್ನೊಂದು ಪುಸ್ತಕ ಅದೆಲ್ಲ ಸುಳ್ಳು ಅನ್ನುತ್ತದೆ. ಅವನ ನಿಜವಾದ ಹೆಸರು ಹ್ಯಾಲ್ಟಿ, ಹುಟ್ಟಿದ್ದು ಹೈ ರಾಕ್ ಪ್ರಾಂತ್ಯದಲ್ಲಿ ಅನ್ನುತ್ತದೆ. ಎರಡೂ ಕೂಡುವುದಿಲ್ಲ. ಆದರೆ ಇವೆರಡನ್ನೂ ಹೇಳುವವರು ಆ ಲೋಕದ ಒಳಗಿನವರೇ. ಒಬ್ಬರು ಸಾಮ್ರಾಜ್ಯದ ಪರ, ಇನ್ನೊಬ್ಬರು ವಿರುದ್ಧ. ಯಾರನ್ನು ನಂಬುವುದು ಅನ್ನುವುದು ನಮಗೆ ಬಿಟ್ಟಿದ್ದು.

2011ರ ಸ್ಕೈರಿಮ್‌ನಲ್ಲಿ ಓಲ್ಡ್ ಹ್ರೋಲ್ಡನ್ ಅಂತ ಒಂದು ಹಳೆಯ ವಸತಿಗೃಹ ಇದೆ. ಟೈಬರ್ ಸೆಪ್ಟಿಮ್ ಮಲಗಿದ್ದ ಹಾಸಿಗೆ ಇದು ಅಂತ ಅಲ್ಲಿ ಬಾಡಿಗೆಗೆ ಕೊಡುತ್ತಾರೆ. ನೀವು ಆ ಹಾಸಿಗೆಯಲ್ಲಿ ಮಲಗಿ ಎದ್ದರೆ ಎದುರಿಗೆ ಒಬ್ಬ ಸೈನಿಕನ ದೆವ್ವ ನಿಂತಿರುತ್ತದೆ. ಅದು ನಿಮ್ಮನ್ನು ಹ್ಯಾಲ್ಟಿ ಅಂತ ಕರೆಯುತ್ತದೆ. ಕೊಡುತ್ತೇನೆ ಅಂದಿದ್ದ ಕತ್ತಿ ಎಲ್ಲಿ ಅಂತ ಕೇಳುತ್ತದೆ. ಹ್ಯಾಲ್ಟಿ ಅನ್ನುವ ಹೆಸರು ಬಲ್ಲವರಿಗೆ ಮೈ ಜುಂ ಅನ್ನುತ್ತದೆ. ಸತ್ತವನಿಗೆ ಸುಳ್ಳು ಹೇಳುವ ಅಗತ್ಯ ಏನು? ಹಾಗಂತ ಊರ ಚೌಕದಲ್ಲಿ ಟಾಲೋಸ್‌ನ ಹೆಸರು ಕೂಗುವ ಪೂಜಾರಿಯನ್ನು ಯಾರೂ ಬಾಯಿ ಮುಚ್ಚಿಸುವುದಿಲ್ಲ. ಎರಡೂ ಉಳಿಯುತ್ತವೆ.

ನಮಗಂತೂ ಇದು ಹೊಸದಲ್ಲ. ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗ್ಗೆ ಎದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಅಂತ ಕೇಳಿದ ಅಂತ ಬೈಯುತ್ತೇವಲ್ಲ. ಅದೇ ರಾಮಾಯಣದಲ್ಲಿ ಸೀತೆ ಯಾರ ಮಗಳು ಅಂತ ಕೇಳಿ ನೋಡಿ. ನೇಗಿಲ ಗೆರೆಯಲ್ಲಿ ಜನಕನಿಗೆ ಸಿಕ್ಕವಳು ಅನ್ನುವುದು ಒಂದು. ರಾಷ್ಟ್ರಕೂಟರ ಕಾಲದ ಗುಣಭದ್ರನ ಉತ್ತರಪುರಾಣದಲ್ಲಿ ಅವಳು ರಾವಣ ಮಂಡೋದರಿಯರ ಮಗಳು. ನಮ್ಮ ಜನಪದರು ಹಾಡುವ ಒಂದು ಕಥೆಯಲ್ಲಿ ರಾವಣನೇ ಬಸಿರಾಗಿ, ಸೀನಿದಾಗ ಹುಟ್ಟಿದವಳು. ಸೀತದ್ದಕ್ಕೆ ಸೀತೆ. ಇವುಗಳಲ್ಲಿ ಯಾವುದನ್ನೂ ಯಾರೂ ಅಳಿಸಿ ಹಾಕಿಲ್ಲ. ಹೇಳುವವರು ಬೇರೆ ಬೇರೆ, ಕಥೆಯೂ ಬೇರೆ ಬೇರೆ. ವಾರ್‌ಕ್ರಾಫ್ಟ್‌ನಲ್ಲಿ ಹೇಳುವ ಮನೆ ಒಂದೇ. ಅವರು ಒಂದನ್ನು ಬರೆದರೆ ಇನ್ನೊಂದು ಇಲ್ಲ ಅಂತಲೇ ಅರ್ಥ. ಅದಕ್ಕೇ ಅಲ್ಲಿ ಅಳಿಸುವುದು ಇಷ್ಟು ಗಟ್ಟಿಯಾಗಿ ತಾಗುತ್ತದೆ.

ಅವರೂ ಇದನ್ನು ಕಲಿತಿದ್ದಾರೆ ಅನ್ನಬೇಕು. 'ಕ್ರಾನಿಕಲ್' ಬಂದ ಕೆಲವು ವರ್ಷಗಳ ಮೇಲೆ, ಅದು ಟೈಟನ್‌ಗಳ ಕಣ್ಣಿಗೆ ಕಂಡ ಚರಿತ್ರೆ, ಎಲ್ಲರ ಚರಿತ್ರೆ ಅಲ್ಲ ಅಂತ ಕಥೆಗಾರರು ಹೇಳತೊಡಗಿದರು. ಈ ಮಾತು ಕೇಳಿದಾಗ ನನಗೆ ಮೊದಲು ನೆನಪಾದದ್ದು ಮೆಡಾನ್. ಟೈಟನ್‌ಗಳ ಕಣ್ಣಿಗೆ ಬೀಳದ ಹುಡುಗ ಇನ್ನೆಲ್ಲೋ ಇರಬಹುದಲ್ಲ.

ಒಬ್ಬ ಯುವಕನ ಕಥೆ ಹೇಳದೆ ಮುಂದೆ ಹೋಗಲಾರೆ. 2010ರ ಬ್ಲಿಝ್‌ಕಾನ್, ಆಟಗಾರರ ಜಾತ್ರೆ. ಪ್ರಶ್ನೆ ಕೇಳುವ ಸಾಲಿನಲ್ಲಿ ಕೆಂಪು ಅಂಗಿ ತೊಟ್ಟ ಒಬ್ಬ ಯುವಕ ನಿಂತಿದ್ದ. ಕುಬ್ಜರ ಹೊಸ ಮಂಡಳಿಯಲ್ಲಿ ವೈಲ್ಡ್‌ಹ್ಯಾಮರ್ ಕುಲದ ಪರವಾಗಿ ಕುರ್ಡ್ರಾನ್‌ನನ್ನು ಕೂರಿಸಿದ್ದೀರಿ, ಕುಲದ ನಾಯಕ ಫಾಲ್‌ಸ್ಟಾಡ್ ಎಲ್ಲಿ ಹೋದ ಅಂತ ಕೇಳಿದ. ವೇದಿಕೆಯ ಮೇಲಿದ್ದವರಲ್ಲಿ ಒಬ್ಬರು, ಅವನು ಸತ್ತಿದ್ದಾನಲ್ಲವಾ ಅಂದರು. ಇಲ್ಲ, ಬದುಕಿದ್ದಾನೆ, ಆಟದಲ್ಲೇ ಇದ್ದಾನೆ ಅಂತ ಯುವಕ ನಿಧಾನವಾಗಿ ಹೇಳಿದ. ಅವನ ಮಾತು ಸರಿ ಇತ್ತು. ಕ್ಯಾಟಕ್ಲಿಸಮ್ ಬಂದಾಗ ಮಂಡಳಿಯಲ್ಲಿ ಫಾಲ್‌ಸ್ಟಾಡ್ ಕೂತಿದ್ದ. ಅವನ ಪಕ್ಕದಲ್ಲಿ ಕೆಂಪು ಅಂಗಿ ತೊಟ್ಟ ಒಬ್ಬ ಕುಬ್ಜನನ್ನೂ ನಿಲ್ಲಿಸಿದ್ದರು. ಹೆಸರು ವೈಲ್ಡ್‌ಹ್ಯಾಮರ್ ಫ್ಯಾಕ್ಟ್ ಚೆಕರ್. ಮರೆತವರನ್ನು ಒಬ್ಬ ಆಟಗಾರ ನೆನಪಿಸಿದರೆ ಕಥೆ ತಿದ್ದಿಕೊಳ್ಳಬಲ್ಲದು ಅನ್ನುವುದಕ್ಕೆ ಇದು ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ.

ಅವತ್ತಿನ ಸಭೆಯಲ್ಲಿ ನಾನು ಆಡಿದ ಮಾತು ಇಲ್ಲಿಗೆ ಮುಗಿದಿತ್ತು. ಕೊನೆಗೆ ಒಬ್ಬ ಹುಡುಗಿ ಕೇಳಿದಳು, "ಸರ್, ಮೆಡಾನ್‌ನ ಬಗ್ಗೆ ಆಟದಲ್ಲಿ ಒಂದು ಗುರುತೂ ಇಲ್ವಾ?" ಅವತ್ತು ಸಮಯ ಸಾಲದೆ ಅರ್ಧಕ್ಕೇ ಉತ್ತರ ಹೇಳಿದ್ದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

2016ರ ಲೀಜನ್‌ನಲ್ಲಿ ಪ್ರತಿ ವರ್ಗದ ಆಟಗಾರರಿಗೂ ಅವರದೇ ಒಂದು ನೆಲೆ ಕೊಟ್ಟಿದ್ದರು. ರೋಗ್, ಅಂದರೆ ಮರೆಯಲ್ಲಿದ್ದು ಕೊಲ್ಲುವವನಾಗಿ ಆಡಿದರೆ ನೆಲೆ ಡಲರಾನ್ ನಗರದ ಕೆಳಗೆ, ಕತ್ತಲಿನಲ್ಲಿ. ಅಲ್ಲಿ ಗರೋನಾ ಇದ್ದಾಳೆ, ನಿಮ್ಮ ಜೊತೆ ಕೆಲಸಕ್ಕೆ ಬರುತ್ತಾಳೆ. ಮೇಜ್, ಅಂದರೆ ಮಾಂತ್ರಿಕನಾಗಿ ಆಡಿದರೆ ನೆಲೆ ಬೇರೆ. ಡಲರಾನ್‌ನಿಂದ ಮಂತ್ರದ ಬಾಗಿಲಿನಲ್ಲಿ ಹೋಗಬೇಕು. ಅಲ್ಲಿ ಮೆರಿಲ್ ಇದ್ದಾನೆ, ಮೆಡಾನ್‌ನನ್ನು ಸಾಕಿದ ಅದೇ ಮೆರಿಲ್. ಆ ನೆಲೆಯ ಹೆಸರು ಹಾಲ್ ಆಫ್ ದಿ ಗಾರ್ಡಿಯನ್. ಒಬ್ಬನೇ ಪಾತ್ರವಾಗಿ ಆಡುವವನು ಎರಡೂ ನೆಲೆಗೆ ಹೋಗಲಾರ. ನಾನು ಎರಡು ಪಾತ್ರ ಮಾಡಿಕೊಂಡೆ. ಮೊದಲು ಕೆಳಗಿಳಿದು ಗರೋನಾಳ ಎದುರು ನಿಂತೆ, ಅವಳು ಹೇಳುವ ಎಲ್ಲ ಮಾತೂ ಮುಗಿಯುವವರೆಗೆ. ಆಮೇಲೆ ಇನ್ನೊಂದು ಪಾತ್ರದಲ್ಲಿ ಹೋಗಿ ಮೆರಿಲ್‌ನ ಎದುರು ನಿಂತೆ. ಇಬ್ಬರ ಬಾಯಲ್ಲೂ ಆ ಹೆಸರು ನನಗೆ ಕೇಳಲಿಲ್ಲ. ಅವತ್ತು ರಾತ್ರಿ ಲಾಗೌಟ್ ಮಾಡದೆ ಆ ಹಾಲ್‌ನಲ್ಲೇ ನನ್ನ ಪಾತ್ರವನ್ನು ಬಹಳ ಹೊತ್ತು ಕೂರಿಸಿದ್ದೆ.